ಟಿವಿಯ ಕಣ್ಣಿಗೆ ಭಂಡಾರ

ಮೊದಲು ಒರೆಸಿ, ಆಮೇಲೆ ಬಿಚ್ಚಿ. ಟಿವಿ ರಿಪೇರಿ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾನು ಖಾತ್ರಿಯಿಂದ ಹೇಳಬಹುದಾದದ್ದು ಇದೊಂದೇ. ಉಳಿದದ್ದೆಲ್ಲ ನೆನಪು, ಮತ್ತು ನೆನಪಿಗೆ ನಾನು ಗ್ಯಾರಂಟಿ ಕಾರ್ಡು ಬರೆದು ಕೊಡುವವನಲ್ಲ.

ಚಿಕ್ಕೋಡಿಯಲ್ಲಿ ಈ ಕಸುಬು ಕಲಿಯುತ್ತಿರುವ ಕೆಲವರು, "ನಿಮ್ಮ ಅನುಭವ ಬರದ ಕೊಡ್ರಿ ಕಾಕಾ" ಎಂದು ಕೇಳಿದರು. ಬರೆಯಲು ಕೂತಾಗ ಮೊದಲು ಬಂದದ್ದು ಮಳೆ ಸುರಿಯುತ್ತಿದ್ದ ಒಂದು ಸಂಜೆ. ಎರಡು ಸಾಲು ಬರೆದು ಹೊಡೆದುಹಾಕಿದೆ. ನಾನು ಕೆಲಸಕ್ಕೆ ಸೇರಿದ್ದು ಕಡುಬೇಸಿಗೆಯಲ್ಲಿ; ಮಳೆ ಎಲ್ಲಿಂದ ಬಂತು? ಆಗಿನ ಟಿವಿ ಪರದೆಯ ತುಂಬ ಬಿಳಿ ಚುಕ್ಕಿ ಸುರಿಯುತ್ತಿದ್ದವಲ್ಲ, ಅವೇ ನನ್ನ ತಲೆಯಲ್ಲಿ ಮಳೆಯಾಗಿ ಕೂತಿರಬೇಕು. ಇಂಥ ತಲೆಯಿಂದ ಬಂದದ್ದನ್ನು ನೀವು ಓದುತ್ತಿದ್ದೀರಿ ಎಂಬುದು ಗೊತ್ತಿರಲಿ.

ನನ್ನ ಬಡ್ತಿಯ ಕಥೆಯನ್ನು ಒಂದೇ ಸಾಲಿನಲ್ಲಿ ಮುಗಿಸುತ್ತೇನೆ: ಸ್ಟೂಲಿನಿಂದ ಕುರ್ಚಿಗೆ. ಆ ಕುರ್ಚಿಗೆ ಒಂದು ಕಾಲು ಗಿಡ್ಡ ಇತ್ತು.

ನನಗೆ ಕೆಲಸ ಕಲಿಸಿದವರು ನಿಪ್ಪಾಣಿಯ ದತ್ತೂ ದಾದಾ. ಅವರ ಪುಟ್ಟ ಅಂಗಡಿಯ ಎರಡೂ ಪಕ್ಕಕ್ಕೆ ತಂಬಾಕು ತುಂಬಿಡುವ ವಖಾರಿ. ದಾದಾ ಮರಾಠಿಯಲ್ಲಿ ಬೈದು ಕನ್ನಡದಲ್ಲಿ ಸಮಾಧಾನ ಮಾಡುತ್ತಿದ್ದರು. ಆ ಊರಿನ ಯಾವ ಸೆಟ್ಟಿನ ಬೆನ್ನು ಬಿಚ್ಚಿದರೂ ಒಳಗೆ ತೆಳ್ಳಗೆ ಕಂದು ಪುಡಿ ಕೂತಿರುತ್ತಿತ್ತು. ಬಿಚ್ಚಿದ ಕೂಡಲೇ ನನಗೆ ಸೀನು ಬರುತ್ತಿತ್ತು. ಸೀನು ಬಿದ್ದರೆ ಮನೆಯವರು ಕೆಲಸ ನಿಲ್ಲಿಸಿಬಿಡುತ್ತಿದ್ದರು. "ಸೀನ ಬಿತ್ತ ನೋಡ್ರಿ, ಚಲೋ ಅಲ್ಲ. ಸ್ವಲ್ಪ ಕುಂದರ್ರಿ, ಚಾ ಕುಡದ ಆಮ್ಯಾಲ ಕೈ ಹಚ್ಚೀರಂತ." ಚಹಾ ಕುಡಿದು ಕೈ ಹಚ್ಚಿದರೆ ಮತ್ತೆ ಸೀನು, ಮತ್ತೆ ಚಹಾ. ಆ ಊರಿನಲ್ಲಿ ನಾನು ರಿಪೇರಿ ಮಾಡಿದ್ದಕ್ಕಿಂತ ಕುಡಿದದ್ದೇ ಜಾಸ್ತಿ.

ಒಮ್ಮೆ ಬೀಡಿ ಕಟ್ಟುವ ಹೆಂಗಸರ ಮನೆಯೊಂದರಲ್ಲಿ ಶಬ್ದ ಬಾರದ ಸೆಟ್ಟನ್ನು ಬಿಚ್ಚಿ ನೆಲದ ತುಂಬ ಹರಡಿಕೊಂಡು ಕೂತಿದ್ದೆ. ಮಧ್ಯಾಹ್ನದ ಹೊತ್ತಿಗೆ ಯಾವ ಸ್ಕ್ರೂ ಎಲ್ಲಿಯದೆಂದು ನನಗೇ ಗೊತ್ತಿರಲಿಲ್ಲ. ಹೆಂಗಸರು ಬೀಡಿ ಕಟ್ಟುತ್ತ ನನ್ನನ್ನೇ ನೋಡುತ್ತಿದ್ದರು. ಆ ದಿನ ಅವರ ಪಾಲಿನ ಕಾರ್ಯಕ್ರಮ ನಾನೇ. ದಾದಾ ಬಂದರು. ಸೆಟ್ಟಿನ ಮುಂಭಾಗದ ಶಬ್ದದ ತಿರುಗಣಿಯನ್ನು ಕಿತ್ತು, ಹಳೆಯ ಬಣ್ಣದ ಬ್ರಷ್ಷಿನಿಂದ ಅದರ ಸಂದಿಯ ತಂಬಾಕು ಪುಡಿ ಉದುರಿಸಿ, ಮತ್ತೆ ಕೂರಿಸಿದರು. ನಾನು ಎಲ್ಲವನ್ನೂ ಜೋಡಿಸಿ ಹಚ್ಚಿದಾಗ ಶಬ್ದ ಬಂತು.

"ಆಧೀ ಪುಸಾಯ್ಚಂ, ಮಗ ಖೋಲಾಯ್ಚಂ," ಎಂದರು ದಾದಾ. ಮೊದಲು ಒರೆಸಬೇಕು, ಆಮೇಲೆ ಬಿಚ್ಚಬೇಕು. ಆಮೇಲೆ ಕನ್ನಡದಲ್ಲಿ, "ಹೋಗಲಿ ಬಿಡು, ಚಾ ಕುಡಿ" ಎಂದರು.

ಎಲ್ಲ ಉಸ್ತಾದರೂ ಕೊನೆಗೆ ಒಂದು ಒಳ್ಳೆಯ ಮಾತು ಹೇಳುವುದು ಇಂಥ ಬರಹಗಳಲ್ಲಿ ರೂಢಿ. ದಾದಾ ಹಾಗೆ ನೋಡಿದರೆ ದಿನಕ್ಕೆ ನೂರು ಮಾತು ಹೇಳುತ್ತಿದ್ದರು. ಇದೊಂದು ಉಳಿದಿದೆ. ಯಾಕೆ ಉಳಿಯಿತೋ ಗೊತ್ತಿಲ್ಲ.

ಆಮೇಲೆ ನಾನು ಚಿಕ್ಕೋಡಿಗೆ ಬಂದು ಒಂದು ಟಿವಿ ಅಂಗಡಿಯಲ್ಲಿ ಮೇಸ್ತ್ರಿಯಾದೆ. ನಿವೃತ್ತನಾಗುವವರೆಗೂ ಅಲ್ಲಿಯೇ. ನಿವೃತ್ತಿ ಎಂದರೆ ಹಾರ ತುರಾಯಿ ಏನಿಲ್ಲ. ಅಂಗಡಿ ಮೊಬೈಲಿನ ಅಂಗಡಿಯಾಯಿತು, ನಾನು ಚೀಲ ಎತ್ತಿಕೊಂಡು ಮನೆಗೆ ಬಂದೆ. ಅಂಗಡಿಯ ಸಾವಕಾರರು ಒಳ್ಳೆಯವರು. ಅವರಿಗೆ ಯಂತ್ರದ ಒಳಗಿನದು ಏನೂ ಗೊತ್ತಿರಲಿಲ್ಲ, ಆದರೆ ಗ್ರಾಹಕರ ಒಳಗಿನದು ಗೊತ್ತಿತ್ತು. ಯಾವ ದೂರು ಬಂದರೂ ಅವರದು ಒಂದೇ ಉತ್ತರ: "ಪಾರ್ಟ ಕೊಲ್ಲಾಪುರದಿಂದ ಬರಬೇಕು."

ರಿಮೋಟಿನಲ್ಲಿ ಸೆಲ್ಲು ತಿರುಗಾಮುರುಗಾ ಹಾಕಿದ್ದರೂ ಪಾರ್ಟು ಕೊಲ್ಲಾಪುರದಿಂದ ಬರಬೇಕು. ನಾನು ಗ್ರಾಹಕರ ಎದುರೇ ಸೆಲ್ಲು ಸರಿಯಾಗಿ ಕೂರಿಸಿ ಕೊಟ್ಟರೆ ಸಾವಕಾರರಿಗೆ ಸಿಟ್ಟು.

"ಜಿನ್ನಪ್ಪಾ, ಅಂವಾ ಸಂಕೇಶ್ವರದಿಂದ ಬಸ್ಸಿಗಿ ಬಂದಾನ. ನೀ ಒಂದ ಮಿನಿಟಿನ್ಯಾಗ ಕೊಟ್ಟರ, ಮನಿಗಿ ಹೋಗಿ ಹೆಂಡ್ತಿಗಿ ಏನ ಹೇಳಬೇಕ ಅಂವಾ?"

"ಸೆಲ್ಲ ಉಲ್ಟಾ ಇತ್ತಂತ ಹೇಳ್ತಾನ್ರಿ."

"ಹಾಕಿದಾಂವ ಅವನ ಅಲ್ಲನೋ!"

ಅವರು ಹೇಳಿದ್ದು ಸುಳ್ಳಲ್ಲ. ಆದರೂ ಆ ಅಂಗಡಿಯಲ್ಲಿದ್ದಷ್ಟು ದಿನ ಕೊಲ್ಲಾಪುರದ ಮಾತನ್ನು ಮಾತ್ರ ನಾನು ಎಂದೂ ಆಡಲಿಲ್ಲ. ಹೆಮ್ಮೆಯಿಂದ ಹೇಳುತ್ತಿಲ್ಲ. ಒಂದು ಊರಿನ ಮೇಲೆ ಅಷ್ಟೊಂದು ಸುಳ್ಳು ಹೇರುವುದು ಸರಿ ಕಾಣಲಿಲ್ಲ, ಅಷ್ಟೆ.

ರಿಮೋಟು ಬಂದ ಮೇಲೆ ನಮ್ಮ ಕೆಲಸ ಬದಲಾಯಿತು. ಮೊದಲು ಟಿವಿ ಕೆಡುತ್ತಿತ್ತು. ಈಗ ಟಿವಿ ನೆಟ್ಟಗಿದ್ದು ಮನೆಯ ಮಂದಿ ಕೆಟ್ಟು ಕೂತಿರುತ್ತಿದ್ದರು. ಕಾಗವಾಡದಲ್ಲಿ ಒಬ್ಬ ಮಾಸ್ತರರು ರಿಮೋಟಿಗೆ ಧೂಳು ತಾಗಬಾರದೆಂದು ಪ್ಲಾಸ್ಟಿಕ್ ಚೀಲ, ಅದರ ಮೇಲೆ ಇನ್ನೊಂದು ಚೀಲ, ಅದರ ಮೇಲೆ ಹೆಂಡತಿ ಹೊಲಿದ ಬಟ್ಟೆಯ ಕುಂಚಿಗೆ ಹಾಕಿದ್ದರು. ಗುಂಡಿ ಎಲ್ಲಿದೆಯೆಂದು ಹೊರಗಿನಿಂದ ತಿಳಿಯುತ್ತಿರಲಿಲ್ಲ. ಟಿವಿ ಹಚ್ಚಲು ಎದ್ದು ಹೋಗಿ ಟಿವಿಯ ಗುಂಡಿಯನ್ನೇ ಒತ್ತುತ್ತಿದ್ದರು. ರಿಮೋಟು ಹೊಸದರಂತೆ ಇತ್ತು. ರಾಯಬಾಗದ ಒಂದು ಮನೆಯಲ್ಲಿ ಶಬ್ದ ಕಡಿಮೆ ಮಾಡುವ ಗುಂಡಿ ಸತ್ತು, ಹೆಚ್ಚು ಮಾಡುವ ಗುಂಡಿ ಬದುಕಿತ್ತು. ಅವರು ಟಿವಿಯ ಎರಡೂ ಮಗ್ಗುಲಿಗೆ ಕೌದಿ ಹೊದಿಸಿ, ನಡುವೆ ಪರದೆಯಷ್ಟೇ ಬಿಟ್ಟು ನೋಡುತ್ತಿದ್ದರು. ಚಳಿ ಹತ್ತಿದ ಮುದುಕನ ಎದುರು ಕೂತಂತೆ ಕಾಣುತ್ತಿತ್ತು. ಅಥಣಿಯಲ್ಲಿ ಐದು ಸ್ಪೀಕರಿನ ಹೋಮ್ ಥಿಯೇಟರ್ ಕೂರಿಸಲು ಹೋದಾಗ, ಎರಡು ಡಬ್ಬಿ ಬೆನ್ನ ಹಿಂದೆ ಇಡಬೇಕು ಎಂದೆ. ಮನೆಯ ಯಜಮಾನರು ಒಪ್ಪಲಿಲ್ಲ. "ಮಾತಾಡಾವ ಮುಂದ ಬಂದ ಮಾತಾಡಬೇಕ್ರಿ. ಹಿಂದಿನಿಂದ ಮಾತಾಡೂ ಪದ್ಧತಿ ನಮ್ಮ ಮನ್ಯಾಗಿಲ್ಲ." ಐದೂ ಸ್ಪೀಕರನ್ನು ಶೋಕೇಸಿನಲ್ಲಿ ಮದುವೆಯ ಫೋಟೋಕ್ಕೆ ನಿಂತಂತೆ ಸಾಲಾಗಿ ನಿಲ್ಲಿಸಿ ಬಂದೆ. ಕೇಳಲು ಏನೂ ಕೆಟ್ಟದಾಗಿರಲಿಲ್ಲ.

ಇವೆಲ್ಲ ನಡೆದವೋ, ಹೇಳಿ ಹೇಳಿ ನಡೆದವೋ ಎಂದು ಈಗ ಕೇಳಿದರೆ ಕಷ್ಟ. ಕೌದಿಯ ಬಣ್ಣ ನೆನಪಿದೆ. ಬಣ್ಣ ನೆನಪಿರುವುದು ಪುರಾವೆಯಲ್ಲ.

ಆದರೆ ಒಂದು ರೋಗಕ್ಕೆ ನಾನೇ ಸಾಕ್ಷಿ. ನಮ್ಮ ಅಂಗಡಿಯಲ್ಲಿ ಅದನ್ನು ಅಮಾಸಿ ರೋಗ ಎನ್ನುತ್ತಿದ್ದೆವು. ನಮ್ಮ ಕಡೆ ಅಮಾವಾಸ್ಯೆಗೆ ಗಾಡಿ, ಪಂಪಸೆಟ್ಟು, ಹಿಟ್ಟಿನ ಗಿರಣಿ ಎಲ್ಲಕ್ಕೂ ಪೂಜೆ. ಮನೆಯಲ್ಲಿ ಟಿವಿ ಬಂದ ಮೇಲೆ ಅದನ್ನು ಬಿಡಲಾದೀತೆ? ಕುಂಕುಮವೋ, ವಿಭೂತಿಯೋ, ಕುರಿ ಸಾಕುವವರ ಮನೆಗಳಲ್ಲಾದರೆ ಭಂಡಾರವೋ ಹಚ್ಚುತ್ತಾರೆ. ಭಂಡಾರವೆಂದರೆ ದೇವರ ಅರಿಷಿಣ ಪುಡಿ. ಎಣ್ಣೆಯಲ್ಲಿ ಕಲಸಿ ದಪ್ಪಗೆ ಹಚ್ಚಿದರೆ ತಿಂಗಳಾದರೂ ಅಲುಗುವುದಿಲ್ಲ. ಈಗ ಪ್ರಶ್ನೆ, ಟಿವಿಗೆ ಹಣೆ ಎಲ್ಲಿದೆ? ಎಲ್ಲ ಕಪ್ಪು. ಕೆಳಗಿನ ಪಟ್ಟಿಯಲ್ಲಿ ಒಂದು ಪುಟ್ಟ ಹೊಳೆಯುವ ಜಾಗ, ಪಕ್ಕದಲ್ಲಿ ಕೆಂಪು ದೀಪ. ನೋಡಿದವರಿಗೆಲ್ಲ ಅದೇ ಹಣೆಯಂತೆ ಕಾಣುತ್ತದೆ. ಆದರೆ ಅದು ಕಣ್ಣು. ರಿಮೋಟು ಬಿಡುವ ಕಾಣದ ಬೆಳಕನ್ನು ಟಿವಿ ನೋಡುವುದು ಅಲ್ಲಿಂದಲೇ. ಅದರ ಮೇಲೆ ಭಂಡಾರ ಮೆತ್ತಿದರೆ ಟಿವಿ ಕುರುಡು.

ಅಮಾವಾಸ್ಯೆಯ ಮರುದಿನ ಬೆಳಿಗ್ಗೆಯೇ ಫೋನು ಶುರು. "ರಿಮೋಟ ಹೊಡದ ಹೊಡದ ಕೈ ಸೋತ್ವು, ಹತ್ತವಲ್ದರಿ." ನಾನು ಹೋಗಿ ಕರವಸ್ತ್ರದಿಂದ ಒರೆಸುತ್ತಿದ್ದೆ. ಟಿವಿ ಹತ್ತುತ್ತಿತ್ತು. ಕಣ್ಣು ಬಿಟ್ಟು ಬೇರೆ ಕಡೆ ಹಚ್ಚಿ ಎಂದು ಹೇಳಿ ಬರುತ್ತಿದ್ದೆ. ಮುಂದಿನ ತಿಂಗಳು ಮತ್ತೆ ಅಲ್ಲಿಯೇ. ದೇವರಿಗೆ ಮೂಲೆಯಲ್ಲಿ ಹಚ್ಚುತ್ತಾರೆಯೇ ಯಾರಾದರೂ?

ಈ ರೋಗದಿಂದಲೇ ಅಕ್ಕೋಳದ ತಾಯವ್ವ ಆಯಿ ನನಗೆ ಪರಿಚಯವಾದದ್ದು. ಕುರಿ ಮತ್ತು ಸ್ವಲ್ಪ ಹೊಲ ಇದ್ದ ಮನೆ. ಆಯಿ, ಅವರ ಮಗ ಮಾಯಪ್ಪ, ಸೊಸೆ ಸವಿತಾ, ಕಾಲೇಜಿಗೆ ಹೋಗುವ ಮೊಮ್ಮಗಳು ಪೂಜಾ. ಮಾಯಪ್ಪ ಪಡಸಾಲೆಯ ಗೋಡೆಗೆ ಹೊಸ ಚಪ್ಪಟೆ ಟಿವಿ ಹಾಕಿಸಿದ್ದ. ಹಳೆಯ ದಪ್ಪನೆಯ ಸೆಟ್ಟನ್ನು ಅಂಗಡಿಯವರು ಬದಲಿಗೆ ತೆಗೆದುಕೊಳ್ಳುತ್ತೇವೆ ಎಂದಿದ್ದರು, ಆಯಿ ಬಿಡಲಿಲ್ಲ. ಅದನ್ನು ತಮ್ಮ ಖೋಲಿಗೆ ಎತ್ತಿಸಿಕೊಂಡರು. ಅಡಿಗೆಮನೆಯ ಹಿಂದಿನ ಕತ್ತಲೆಯ ಖೋಲಿ, ಎರಡು ಮೊಳ ದಪ್ಪದ ಮಣ್ಣಿನ ಗೋಡೆ. ಮೊಬೈಲಿನ ರೇಂಜು ಹೊಸ್ತಿಲಿನಲ್ಲೇ ನಿಂತುಬಿಡುತ್ತಿತ್ತು.

ಆ ಸೆಟ್ಟಿನ ರಿಮೋಟನ್ನು ನೀವು ನೋಡಬೇಕಿತ್ತು. ಹಿಂದಿನ ಮುಚ್ಚಳ ಎಂದೋ ಕಳೆದು ಸೆಲ್ಲುಗಳಿಗೆ ಗಾಯದ ಪಟ್ಟಿ ಸುತ್ತಿತ್ತು. ಅಂಕೆಗಳು ಸವೆದು ಹೋಗಿದ್ದವು. ಎಡಗೈ ಅಂಗೈಗೆ ಒಂದು ಏಟು, ತೊಡೆಗೆ ಒಂದು ಏಟು, ಆಮೇಲೆ ಒತ್ತಿದರೆ ಮಾತ್ರ ಕೆಲಸ. ಜೊತೆಗೆ ಸೆಟ್ಟಿನ ಹಿಂದಿನ ಹಳದಿ ವೈರು ಸಡಿಲವಾಗಿ, ಯಾರಾದರೂ ಜೋರಾಗಿ ನಡೆದರೆ ಚಿತ್ರ ಹೋಗಿಬಿಡುತ್ತಿತ್ತು. ಈ ವಿದ್ಯೆಯೆಲ್ಲ ಆ ಮನೆಯಲ್ಲಿ ಆಯಿಗೆ ಒಬ್ಬರಿಗೇ ಬರುತ್ತಿತ್ತು. ಹೊಸ ರಿಮೋಟು ತಂದುಕೊಡುತ್ತೇನೆ ಎಂದರೆ ಬೇಡವೆಂದರು.

"ಹೊಸಾದ ತಂದರ ಎಲ್ಲಾರೂ ಒತ್ತತಾರ," ಎಂದರು.

ಆಗ ನನಗೆ ಆ ಮಾತು ತಲೆಗೆ ಹೋಗಲಿಲ್ಲ.

ಮೊದಲ ಸಲ ನಾನು ಹೋದದ್ದು ಅಮಾವಾಸ್ಯೆಯ ಮರುದಿನ. ಪಡಸಾಲೆಯ ಹೊಸ ಟಿವಿಯ ಕಣ್ಣಿಗೆ ಭಂಡಾರ. ಒರೆಸಿದೆ, ಹತ್ತಿತು. ಮನೆಯವರೆಲ್ಲ ನಕ್ಕರು. ಮಾಯಪ್ಪ ತಾಯಿಗೆ ಹೇಳಿದ, "ಅವ್ವಾ, ಅದರ ಕಣ್ಣಾಗ ಹಾಕಿಯಲ್ಲಬೇ! ಅದು ಕಣ್ಣಂತ."

"ನನಗೇನ ಗೊತ್ತ ಯಪ್ಪಾ? ಕಣ್ಣ ಇರೂವು ನಮ್ಮ ಕುರಿಗೋಳು. ಇದಕೂ ಕಣ್ಣ ಅದಾವಂತ ಇವತ್ತ ತಿಳೀತು," ಎಂದರು ಆಯಿ. ಹತ್ತಿರ ಬಂದು ಬಗ್ಗಿ, ಆ ಪುಟ್ಟ ಜಾಗವನ್ನು ಬಹಳ ಹೊತ್ತು ನೋಡಿದರು. ಬಹಳ ಹೊತ್ತು ಎಂದು ಈಗ ಅನಿಸುತ್ತದೆ. ಆಮೇಲೆ ನಡೆದದ್ದು ಗೊತ್ತಿರುವುದರಿಂದ ಹಾಗೆ ಅನಿಸುತ್ತಿರಬಹುದು.

ಎರಡನೆಯ ಸಲ ಫೋನು ಬಂದಾಗ ಅಮಾವಾಸ್ಯೆ ಇನ್ನೂ ದೂರ ಇತ್ತು.

ಮಾಯಪ್ಪ ತಾನೇ ಬಗ್ಗಿ ನೋಡುವವನಲ್ಲ. ಗುಂಡಿ ಒತ್ತುತ್ತಾನೆ, ಆಗದಿದ್ದರೆ ಫೋನು ಮಾಡುತ್ತಾನೆ. ನಾನು ಹೋದೆ. ಕಣ್ಣಿನ ಮೇಲೆ ಭಂಡಾರ ಇತ್ತು. ಈ ಸಲ ಪಟ್ಟಿಯ ಉದ್ದಕ್ಕೂ ಬಳಿದಿರಲಿಲ್ಲ. ಕಣ್ಣಿನ ಮೇಲಷ್ಟೆ, ಒಂದು ಹೆಬ್ಬೆರಳಿನ ಗುರುತು. ತಿರುಗಿ ನೋಡಿದೆ. ಆಯಿ ಬಾಗಿಲಿನ ಹತ್ತಿರ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ನನ್ನನ್ನು ನೋಡಿದರು. ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡರು.

"ಏನಾಗಿತ್ರಿ ಮೇಸ್ತ್ರಿ?" ಮಾಯಪ್ಪ ಕೇಳಿದ.

"ಧೂಳ ಕುಂತಿತ್ತ," ಎಂದೆ.

ಆ ಮನೆಯಲ್ಲಿ ನಾನು ಜೈನ, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ ಎಂದು ಗೊತ್ತಿತ್ತು; ಸಂಜೆ ಹೋದರೆ ಟಿವಿಗಿಂತ ಮೊದಲು ನನಗೆ ತಾಟು ಇಡುತ್ತಿದ್ದರು. ಅಂದೂ ಸವಿತಾ ರೊಟ್ಟಿ ಬಡಿಸುತ್ತ ಸಣ್ಣ ದನಿಯಲ್ಲಿ ಕೇಳಿದಳು, "ಧೂಳ ಅರಿಷಿಣ ಬಣ್ಣದ್ದ ಇರತೈತ್ರಿ ಮೇಸ್ತ್ರಿ?"

ನಾನು ರೊಟ್ಟಿ ಮುರಿದೆ.

"ಇರಲಿ ಬಿಡ್ರಿ," ಎಂದಳು ಅವಳೇ. "ಪಡಸಾಲ್ಯಾಗಿನ ಟಿವಿ ನಡದರ, ಇವರ ಸುದ್ದಿ ನೋಡಕೋತ ಒಬ್ಬರ ಕುಂದರತಾರ. ಪೂಜಾ ಮೊಬೈಲ ಹಿಡಕೊಂಡ ಮಾಳಿಗಿ ಏರತಾಳ. ನಾ ಒಲಿ ಮುಂದ. ಅದ ಬಂದ್ ಬಿತ್ತಂದರ ಎಲ್ಲಾರೂ ಅತ್ತಿ ಖೋಲಿಗಿ ಬರಬೇಕ. ಅಲ್ಲಿ ಮೊಬೈಲೂ ಹತ್ತೂದಿಲ್ಲ. ನಾನೂ ಕಣಕ ನಾದೂ ಪರಾತ ತಗೊಂಡ ಅಲ್ಲೇ ಕುಂದರತೀನಿ. ಅತ್ತಿ ರಿಮೋಟ ಬಡೀತಾರ, ಎಲ್ಲಾರೂ ನಗತಾರ. ನಮ್ಮ ಮನ್ಯಾಗ ನಗೂದ ಅಷ್ಟ ಹೊತ್ತರಿ."

ಹಾಗಾಗಿ ಪಣಕ್ಕೆ ಬಿದ್ದದ್ದು ಏನೆಂದು ನಿಮಗೂ ಹೇಳಿಬಿಡುತ್ತೇನೆ: ಆ ಕತ್ತಲೆಯ ಖೋಲಿಯಲ್ಲಿ ಸಂಜೆಯ ಒಂದಷ್ಟು ಹೊತ್ತು. ಆಯಿಗೆ ಬೇಕಾದದ್ದು ಧಾರಾವಾಹಿಯಲ್ಲ. ಅದರ ಕಥೆಯನ್ನು ಅವರು ಯಾವತ್ತೂ ಸರಿಯಾಗಿ ಹೇಳಿದ್ದು ನಾನು ಕೇಳಿಲ್ಲ. ಸತ್ತವರನ್ನೂ ಬದುಕಿದವರನ್ನೂ ಕಲಸಿಬಿಡುತ್ತಿದ್ದರು.

ಆಮೇಲೆ ಭಂಡಾರ ಆಗಾಗ ಬೀಳತೊಡಗಿತು. ತೀರ ಹತ್ತಿರ ಹತ್ತಿರ ಅಲ್ಲ. ಆಯಿಗೆ ಅಳತೆ ಗೊತ್ತಿತ್ತು. ನಾನು ಹೋಗುತ್ತಿದ್ದೆ, ಧೂಳು ಎನ್ನುತ್ತಿದ್ದೆ, ಒರೆಸಿ ಬರುತ್ತಿದ್ದೆ. ಕೆಲವು ಸಲ ಎರಡು ದಿನ ತಡಮಾಡಿ ಹೋಗುತ್ತಿದ್ದೆ. ಚಿಕ್ಕೋಡಿಯಲ್ಲಿ ಕೆಲಸ ಇತ್ತು ಎಂದು ಹೇಳುತ್ತಿದ್ದೆ. ಕೆಲಸ ಇತ್ತೋ ಇಲ್ಲವೋ ನೆನಪಿಲ್ಲ.

ಮಾಯಪ್ಪನಿಗೆ ಅನುಮಾನ ಬಂದದ್ದು ತಾಯಿಯ ಮೇಲಲ್ಲ, ಹಳೆಯ ಸೆಟ್ಟಿನ ಮೇಲೆ. ಒಂದು ದಿನ ನನ್ನನ್ನು ಕುರಿದೊಡ್ಡಿಯ ಕಡೆ ಕರೆದುಕೊಂಡು ಹೋದ.

"ಮೇಸ್ತ್ರಿ, ನೀವೊಂದ ಮಾತ ಹೇಳಿಬಿಡ್ರಿ, ಆ ಡಬ್ಬಿ ಇನ್ನ ರಿಪೇರಿ ಆಗೂದಿಲ್ಲಂತ. ನಾ ಹೇಳಿದರ ಅವ್ವ ಕೇಳೂದಿಲ್ಲ. ನಿಮ್ಮ ಮಾತ ಕೇಳತಾಳ. ಗುಜರಿಯಾಂವ ನಾಳೆ ಬರತಾನ."

"ಯಾಕ, ಅದೇನ ತ್ರಾಸ ಕೊಡತೈತಿ ನಿನಗ?"

"ಅದ ಇರೂತನಕಾ ಯಾರೂ ಪಡಸಾಲ್ಯಾಗ ಕುಂದರೂದಿಲ್ಲರಿ. ಹೊಸಾ ಟಿವಿ ನಡದರ ಒಬ್ಬೊಬ್ಬರ ಒಂದೊಂದ ಕಡೆ, ಬಂದ್ ಬಿದ್ದರ ಎಲ್ಲಾರೂ ಅಲ್ಲೇ ಹೊಕ್ಕೊಂಡ ಕುಂತಿರತಾರ. ಇಷ್ಟ ದೊಡ್ಡ ಟಿವಿ ತಂದ ನಾ ಒಬ್ಬನ ನೋಡೂದ?"

ಅವನ ಮುಖ ನೋಡಿದೆ. ಅವನಿಗೂ ಬೇಕಾಗಿದ್ದದ್ದು ಅದೇ, ಬೇರೆ ಖೋಲಿಯಲ್ಲಿ. ಒಂದೇ ಮನೆಯಲ್ಲಿ ತಾಯಿ ಮಗ ಇಬ್ಬರೂ ಒಬ್ಬರಿಗೊಬ್ಬರು ಹೇಳದೆ ಮಂದಿಯನ್ನು ತಮ್ಮ ಕಡೆ ಎಳೆಯುತ್ತಿದ್ದರು, ನಡುವೆ ನಾನು ಕರವಸ್ತ್ರ ಹಿಡಿದು ನಿಂತಿದ್ದೆ. ಇಂಥದ್ದನ್ನು ಯಾವ ತರಬೇತಿಯಲ್ಲಿಯೂ ಹೇಳಿಕೊಡುವುದಿಲ್ಲ.

ಆಯಿಯ ಖೋಲಿಗೆ ಹೋದೆ. ಮೊದಲು ಸೆಟ್ಟನ್ನು ಒರೆಸಿದೆ, ಆಮೇಲೆ ಬೆನ್ನು ಬಿಚ್ಚಿದೆ. ಮಾಯಪ್ಪ ಪಕ್ಕದಲ್ಲಿ ನಿಂತು ಕಣ್ಣು ಮಿಟುಕಿಸುತ್ತಿದ್ದ. ಆಯಿ ಎದುರು ಕೂತು ರಿಮೋಟನ್ನು ಮಡಿಲಲ್ಲಿಟ್ಟುಕೊಂಡು ಕೇಳಿದರು, "ಹೇಳ ಜಿನ್ನಪ್ಪಾ. ಐತೇನ ಹೋತ?"

"ಐತಿ," ಎಂದೆ. "ನಾವೆಲ್ಲಾ ಹೋದ ಮ್ಯಾಲೂ ಇರತೈತಿ." ಹಳದಿ ವೈರನ್ನು ಮಾತ್ರ ಬಿಗಿ ಮಾಡಲಿಲ್ಲ. ಅದು ಆಯಿಯ ವೈರು.

ಮಾಯಪ್ಪ ಹೊರಗೆ ಹೋದ. ಆಮೇಲೆ ಬಹಳ ದಿನ ಅವನ ಫೋನು ಬರಲಿಲ್ಲ.

ಅಷ್ಟರಲ್ಲಿ ನಮ್ಮ ಅಂಗಡಿ ಮೊಬೈಲಿನದಾಯಿತು, ನಾನು ಮನೆಯಲ್ಲಿ ಕೂತೆ. ಕೆಲಸವೂ ಬದಲಾಗಿತ್ತು. ಈಗ ಯಾರೂ ಬಿಚ್ಚುವುದಿಲ್ಲ. ಒಳಗಿನ ಬೋರ್ಡು ಸುಟ್ಟರೆ ಬೋರ್ಡನ್ನೇ ಬದಲಿಸುತ್ತಾರೆ, ಪರದೆ ಹೋದರೆ ಟಿವಿಯನ್ನೇ. ಟಿವಿ ಕೆಟ್ಟರೆ ಒಮ್ಮೆ ಆರಿಸಿ ಹಚ್ಚಿರಿ ಎಂದು ಫೋನಿನಲ್ಲಿ ಒಂದು ಹೆಣ್ಣುದನಿ ಹೇಳುತ್ತದೆ. ತಪ್ಪು ಎನ್ನುತ್ತಿಲ್ಲ. ದತ್ತೂ ದಾದಾ ಇದ್ದಿದ್ದರೆ, ಒರೆಸುವುದಕ್ಕಿಂತ ಅದು ಸುಲಭವೆಂದು ಒಪ್ಪುತ್ತಿದ್ದರೇನೋ.

ದೀಪಾವಳಿ ಕಳೆದು ಕೆಲವು ದಿನಕ್ಕೆ ಪೂಜಾ ಫೋನು ಮಾಡಿದಳು. "ಕಾಕಾ, ಆಯಿ ನಿಮ್ಮನ್ನ ಕರಿಯಾಕತ್ತಾಳ. ಪಪ್ಪಾ ಕುರಿ ಸಂತಿಗಿ ಹೋಗ್ಯಾರ. ಅವರು ಇಲ್ಲದಾಗ ಬರ್ರಿ ಅಂತ ಹೇಳ ಅಂದಾಳ."

ಹೋದೆ. ಪಡಸಾಲೆಯಲ್ಲಿ ಇನ್ನೂ ದೊಡ್ಡದೊಂದು ಟಿವಿ. ನೆಟ್ಟಿನ ಟಿವಿ, ಮಾತಾಡಿದರೆ ಕೇಳುವ ರಿಮೋಟು. ಮಾಯಪ್ಪ ಹಬ್ಬಕ್ಕೆ ತಂದಿದ್ದ. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಆ ಟಿವಿಯ ಕೆಳಗಿನ ಪಟ್ಟಿಯ ತುಂಬ ಭಂಡಾರ. ಎಡ ಮೂಲೆ, ಬಲ ಮೂಲೆ, ನಡುವೆ, ಕಂಪನಿಯ ಹೆಸರಿನ ಮೇಲೆ, ಎಲ್ಲ ಕಡೆ ಹೆಬ್ಬೆರಳಿನ ಗುರುತು. ಬೆನ್ನಿನ ಕಡೆಯೂ ಕೈ ಹಾಕಿದ್ದರು. ಆ ಟಿವಿ ಮಾತ್ರ ಹಳದಿಯಾಗಿ ನೆಟ್ಟಗೆ ನಡೆಯುತ್ತಿತ್ತು.

ಆಯಿ ನನ್ನ ಕೈ ಹಿಡಿದು ಕೂರಿಸಿದರು. ಸುತ್ತಿ ಬಳಸಿ ಕೇಳಲಿಲ್ಲ.

"ಜಿನ್ನಪ್ಪಾ, ಇದರ ಕಣ್ಣ ಎಲ್ಲಿ ಐತಿ?"

ಇಷ್ಟು ವರ್ಷ ನಾನು ಧೂಳು ಎಂದದ್ದು, ಅವರು ಬೆಳ್ಳುಳ್ಳಿ ಸುಲಿದದ್ದು, ಎಲ್ಲ ನಾಟಕವೂ ಆ ಒಂದು ಪ್ರಶ್ನೆಗೆ ಮುಗಿಯಿತು.

"ಇದಕ್ಕ ಕಣ್ಣ ಬೇಕಾಗಿಲ್ಲ ಆಯಿ. ಈ ರಿಮೋಟ ರೇಡಿಯೋ ಇದ್ದಂಗ. ಗ್ವಾಡಿ ಆಚಿಕಡೆಯಿಂದ ಒತ್ತಿದರೂ ತಿಳೀತೈತಿ ಅದಕ್ಕ."

"ಕಣ್ಣ ಇಲ್ಲದ್ದ ತಂದ ಕುಂದರಿಸ್ಯಾನ ಮನ್ಯಾಗ!" ಎಂದರು. ಮೊಮ್ಮಗಳ ಕಡೆ ತಿರುಗಿ, "ನಾನೂ ಮಾತಾಡಿ ನೋಡಿದೆ ಅದರ ಸಂಗಾಟ. ಬಂದ್ ಆಗ ಬೇ, ಸಾಕ ಅಂದೆ. ಏನೋ ಅಡಿಗಿ ಮಾಡೂದ ತೋರಿಸಾಕ ಹತ್ತತು."

ಪೂಜಾ ನಕ್ಕಳು. "ಆಯಿ, ಅದಕ್ಕ ನಿನ್ನ ಮಾತ ತಿಳಿಯೂದಿಲ್ಲ."

"ನಿನಗ ತಿಳೀತೈತೇನ?"

ಪೂಜಾಳ ಕೈಯಲ್ಲಿ ಮೊಬೈಲಿತ್ತು. ಅವಳು ಅದನ್ನು ಮಗುಚಿ ತೊಡೆಯ ಮೇಲಿಟ್ಟಳು.

ಖೋಲಿಯ ಹಳೆಯ ಸೆಟ್ಟು ಇನ್ನೂ ಇತ್ತು. ಅದರ ಮೇಲೆ ಕೌದಿ ಮಡಚಿ ಇಟ್ಟಿದ್ದರು. ದೀಪಾವಳಿಯಿಂದ ಈಚೆಗೆ ಯಾರೂ ಅತ್ತ ಬಂದಿರಲಿಲ್ಲ ಎಂದು ಆಯಿ ಹೇಳಲಿಲ್ಲ; ಮಡಚಿದ ಕೌದಿ ಹೇಳಿತು. ಹೀಗೆ ವಸ್ತುಗಳು ಮಾತಾಡುವುದನ್ನು ಬರೆಯುವವರ ಬಗ್ಗೆ ನನಗೆ ನಂಬಿಕೆ ಕಡಿಮೆ. ಆದರೆ ಕೌದಿ ಅಲ್ಲಿ ಇತ್ತು.

"ಹಂಗಾರ ಸೀರಿಯಲ್ ಎಲ್ಲಿಂದ ತರತೈತಿ ಇದು? ನನ್ನ ಸೆಟ್ಟಿಗಿ ಇದ್ದಂಗ ಮಾಳಿಗಿ ಮ್ಯಾಲ ಡಿಶ್ ಛತ್ರಿನೂ ಇದಕ್ಕಿಲ್ಲ," ಎಂದು ಕೇಳಿದರು ಆಯಿ.

ಬಾಗಿಲ ಮೇಲಿನ ಗೂಡಿನಲ್ಲಿ ಹಸಿರು ದೀಪ ಮಿಣುಕಿಸುವ ನೆಟ್ಟಿನ ಒಂದು ಬಿಳಿ ಡಬ್ಬಿ ಇತ್ತು. ನಾನು ಅದನ್ನು ನೋಡಿದೆ, ಅಷ್ಟೆ. ಮನುಷ್ಯ ಎಲ್ಲಿಯಾದರೂ ನೋಡಲೇಬೇಕಲ್ಲ. ನಾನು ನೋಡಿದ ಕಡೆ ಆಯಿಯೂ ನೋಡಿದರು.

"ಊಟಾ ಮಾಡಕೊಂಡ ಹೋಗ, ಹೊತ್ತ ಮುಣಗತೈತಿ," ಎಂದರು.

ಊಟ ಮಾಡಿ, ಟಿವಿಗೆ ಮೆತ್ತಿದ್ದ ಭಂಡಾರವನ್ನೆಲ್ಲ ಒರೆಸಿ, ಬಸ್ಸು ಹತ್ತಿದೆ.

ಮಾಯಪ್ಪನ ಫೋನು ಬಂದದ್ದು ಅದರ ಮುಂದಿನ ವಾರ. ದೀಪಾವಳಿಯ ಅಮಾವಾಸ್ಯೆ ಆಗಿಹೋಗಿತ್ತು, ಮುಂದಿನದು ಇನ್ನೂ ದೂರ ಇತ್ತು.

"ಮೇಸ್ತ್ರಿ, ನೆಟ್ ಬಂದ್ ಆಗೇತಿ. ಟಿವಿ ಹತ್ತತೈತಿ, ಏನೂ ಬರವಲ್ದು. ನೆಟ್ಟಿನಾಂವಗ ಫೋನ ಹಚ್ಚಿದರ ಎತ್ತವಲ್ಲ. ನೀವರೆ ಹೇಳ್ರಿ ಏನಾಗೇತಿ ಅಂತ."

"ಡಬ್ಬಿ ಮ್ಯಾಲ ಯಾವ ದೀಪ ಹತ್ತೈತಿ?"

"ಯಾವದೂ ಇಲ್ಲರಿ. ಹಾರ ಒಂದ ಕಾಣತೈತಿ. ಅವ್ವ ಮುಂಜಾನೆ ಪೂಜಿ ಮಾಡ್ಯಾಳ ಅದಕ್ಕ. ದಪ್ಪ ಚೆಂಡುಹೂವಿನ ಹಾರ ಹಾಕ್ಯಾಳ."

ಈ ಕೆಲಸಕ್ಕೆ ಬರುವವರು ಇದನ್ನು ತಿಳಿದಿರಿ: ದೀಪ ಕೆಂಪಗಿದ್ದರೆ ಲೈನಿನ ದೋಷ, ಒಂದೂ ದೀಪ ಇಲ್ಲದಿದ್ದರೆ ಕರೆಂಟು ಬರುತ್ತಿಲ್ಲ. ಹಾರವನ್ನು ತೂಗುಹಾಕಿದ್ದು ಆ ಡಬ್ಬಿಯ ಕರೆಂಟಿನ ವೈರಿನ ಮೇಲೆಯೇ ಇರಬೇಕು. ಭಾರಕ್ಕೆ ಪಿನ್ನು ಅರ್ಧ ಜಾರಿ ಹೊರಗೆ ಬಂದಿದೆ, ಅಥವಾ ಜಾರಿಸಲಾಗಿದೆ. ಹಾರ ಎತ್ತಿ, ಒಂದು ಬೆರಳಿನಿಂದ ಒಳಗೆ ಒತ್ತಿದರೆ ಸಾಕು. ಎತ್ತರದ ಗೂಡು; ಆಯಿ ಹೇಗೋ ಸ್ಟೂಲು ಹತ್ತಿರಬೇಕು, ಮಾಯಪ್ಪ ಹತ್ತಿ ನೋಡುವವನಲ್ಲ.

ಫೋನಿನ ಹಿಂದೆ ಏನೋ ಗದ್ದಲ. ತಟ್, ತಟ್ ಎಂದು ಎರಡು ಏಟು, ಅಂಗೈಗೊಂದು, ತೊಡೆಗೊಂದು. ಯಾರೋ ಹುಡುಗಿ ನಕ್ಕಂತೆ ಕೇಳಿತು. ಸವಿತಾ ಏನೋ ಹೇಳಿದಳು. ಆಮೇಲೆ ಹಳೆಯ ಸೆಟ್ಟಿನ ಒಡಕು ದನಿಯಲ್ಲಿ ಯಾವುದೋ ಜಾಹೀರಾತಿನ ಹಾಡು.

"ಏನ ಮಾಡೂಣ್ರಿ ಮೇಸ್ತ್ರಿ?"

"ಪಾರ್ಟ ಕೊಲ್ಲಾಪುರದಿಂದ ಬರಬೇಕು," ಎಂದೆ.

ಹಿಂದಿನಿಂದ ಆಯಿಯ ದನಿ ಬಂತು, "ಏನಂತ ಜಿನ್ನಪ್ಪ? ಯಾವಾಗ ಬರತೈತಂತ?"

"ಯಾವಾಗ ಬರತೈತ್ರಿ?"

"ಹೇಳಾಕ ಬರೂದಿಲ್ಲ ಮಾಯಪ್ಪಾ. ಕೊಲ್ಲಾಪುರದ ಮಾತ."

"ಹೇಳಾಕ ಬರೂದಿಲ್ಲಂತಬೇ," ಎಂದು ಅವನು ಒಳಗೆ ಕೂಗಿದ.

"ಆತ ಬಿಡು," ಎಂದರು ಆಯಿ. "ಅಲ್ಲೇನ ನಿಂತಿ? ಬಾ ಒಳಗ. ಮೆಲ್ಲಕ ಬಾ, ವೈರ ಅಲಗತೈತಿ."

ಮಾಯಪ್ಪ ಹೋಗುವುದು ಕೇಳಿಸಿತು. ಫೋನು ಆರಿಸಿದ್ದನೋ ಇಲ್ಲವೋ, ಖೋಲಿಯ ಹೊಸ್ತಿಲಿನ ಹತ್ತಿರ ರೇಂಜು ಹೋಗಿ ಲೈನು ತಾನೇ ಕಡಿಯಿತು.